ಬಿದರಿ ಕೈಯಲ್ಲಿ ನೈಟ್ರೇಟ್ ಸಿಕ್ಕರೆ?

ಪ್ರಶ್ನೆ: ಬಿದರಿ ಕೆಲಸ ನಮ್ಮ ಮನೆತನದ ಕಸುಬು. ಕೊನೆಗೆ ಸಾಮಾನು ಕಪ್ಪಾಗಲಿ ಅಂತ ಕೋಟೆಯ ಹಳೇ ಮಣ್ಣಿಗೆ ನವಸಾಗರ ಕೂಡಿಸಿ ಕುದಿಸುತ್ತೇವೆ. ಆ ಮಣ್ಣಿನಲ್ಲಿ ಪೆಟ್ಲುಪ್ಪು ಇದೆ ಅನ್ನುತ್ತಾರೆ. ಸ್ಫೋಟದ ಕೇಸುಗಳಲ್ಲಿ ‘ಬಟ್ಟೆ ಮೇಲೆ ನೈಟ್ರೇಟ್ ಪತ್ತೆ’ ಎಂದು ಪೇಪರಿನಲ್ಲಿ ಓದಿದೆ. ನನ್ನ ಕೈ ಒರೆಸಿ ಲ್ಯಾಬಿಗೆ ಕಳಿಸಿದರೆ ಏನು ಬರುತ್ತದೆ ಸರ್?
— ಬಿದರಿ ಕೆಲಸಗಾರ, ಬೀದರ್

ಉತ್ತರ: ನೈಟ್ರೇಟ್ ಬಂದೇ ಬರುತ್ತದೆ ತಮ್ಮಾ. ಬರದಿದ್ದರೆ ನಾನು ಮಷೀನನ್ನೇ ಗುಮಾನಿಯಿಂದ ನೋಡುತ್ತಿದ್ದೆ. ತೊಗರಿ ಹೊಲದ ಮಣ್ಣು, ದನದ ಕೊಟ್ಟಿಗೆಯ ಗೋಡೆ, ಬಾವಿಯ ನೀರು, ಎಲ್ಲಿ ನೋಡಿದರೂ ನೈಟ್ರೇಟ್ ಇದೆ. ಅದಕ್ಕೇ ಬರೀ ‘ನೈಟ್ರೇಟ್ ಪತ್ತೆ’ ಎನ್ನುವ ವರದಿ ನನಗೆ ಅರ್ಧ ವರದಿ. ಯಾವ ಲವಣದ ನೈಟ್ರೇಟ್ ಎಂದು ಹೇಳಬೇಕು.

ಒರೆಸಿದ ಹತ್ತಿಯನ್ನು ನೀರಿನಲ್ಲಿ ಅದ್ದಿ, ಆ ನೀರನ್ನು ಸೂಜಿಯ ತುದಿಯಿಂದ ಹೆಚ್ಚು ವೋಲ್ಟೇಜಿನಲ್ಲಿ ಸಿಂಪಡಿಸಿದರೆ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಕಣಗಳ ತೂಕ ಅಳೆಯುವ ಮಷೀನಿನ ಒಳಗೆ ಹೋಗುತ್ತವೆ. ಒಂಟಿ ನೈಟ್ರೇಟ್ 62ರ ತೂಕದಲ್ಲಿ ಕಾಣುತ್ತದೆ. ಅದು ಒಂದು ಪೂರ್ತಿ ಲವಣವನ್ನು ಜೊತೆಗೆ ಹಿಡಿದುಕೊಂಡು ಬಂದರೆ ಕಥೆ ಬೇರೆ: ಗಣಿಯ ಸಿಡಿಮದ್ದಿನಲ್ಲಿ ಬಳಸುವ ಅಮೋನಿಯಂ ನೈಟ್ರೇಟ್ ಆದರೆ 142, ಸೋಡಿಯಂ ನೈಟ್ರೇಟ್ ಆದರೆ 147, ಪೆಟ್ಲುಪ್ಪು ಅಂದರೆ ಪೊಟ್ಯಾಸಿಯಂ ನೈಟ್ರೇಟ್ ಆದರೆ 163. ಸಿಡಿಮದ್ದಿನಲ್ಲಿ ಸಿಗುವ ಇನ್ನೆರಡು ಬಗೆಯ ಲವಣಗಳೂ ಇವೆ: ಕ್ಲೋರೇಟ್ ಆಗಿದ್ದರೆ 83 ಮತ್ತು 85, ಪರ್ಕ್ಲೋರೇಟ್ ಆಗಿದ್ದರೆ 99 ಮತ್ತು 101. ಕ್ಲೋರಿನ್ನಿಗೆ ಎರಡು ತೂಕ ಇರುವುದರಿಂದ ಈ ಜೋಡಿಗಳು ಸುಮಾರು ಮೂರಕ್ಕೆ ಒಂದರಂತೆ ಬರಬೇಕು. 99 ಒಂದೇ ಕಂಡು 101 ಇಲ್ಲದಿದ್ದರೆ ಅದು ಸಲ್ಫೇಟ್ ಎಂಬ ಬೇರೆ ಲವಣದ ನೆರಳು ಇರಬಹುದು, ಕುಣಿದಾಡಬಾರದು.

ಈಗ ನಿಮ್ಮ ಕೈಗೆ ಬರೋಣ. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಕೋಟೆ ಮಣ್ಣಿನ ನೈಟ್ರೇಟೂ ನವಸಾಗರದ ಅಮೋನಿಯಮ್ಮೂ ಒಂದೇ ನೀರಿನಲ್ಲಿ ಕರಗಿದವು ಅನ್ನಿ. ನೀರಿನಲ್ಲಿ ಯಾರ ಜೋಡಿ ಯಾರು ಎಂಬ ಲೆಕ್ಕ ಉಳಿಯುವುದಿಲ್ಲ. ಸಿಂಪಡಿಸುವಾಗ ಅವೆರಡೂ ಕೂಡಿಕೊಂಡು 142 ಕಾಣಿಸಿಕೊಳ್ಳಬಹುದು! ಅಮೋನಿಯಂ ನೈಟ್ರೇಟನ್ನು ನೀವು ಜನ್ಮದಲ್ಲಿ ಮುಟ್ಟದಿದ್ದರೂ ಸರಿ. ಹೊಸ ಹುಡುಗರು ಎಡವುವ ಜಾಗ ಇದೇ. ಹೀಗಾಗಿ ಮೊದಲು ನೀರು ಮುಟ್ಟಿಸದೆ ಸೂಕ್ಷ್ಮದರ್ಶಕದ ಕೆಳಗೆ ಹರಳು ಹುಡುಕಬೇಕು, ಸಿಕ್ಕ ಹರಳನ್ನು ಹಾಗೇ ಬೆಳಕಿನಿಂದ ವಸ್ತು ಗುರುತಿಸುವ ಪರೀಕ್ಷೆಗಳಾದ ರಾಮನ್ ಅಥವಾ ಇನ್‌ಫ್ರಾರೆಡ್‌ಗೆ ಹಿಡಿಯಬೇಕು. ನೀರಿನ ಸರದಿ ಆಮೇಲೆ. ನಿಮ್ಮ ಕೈಯಲ್ಲಾದರೆ ಕ್ಲೋರೈಡು ಹೇರಳ, ಜೊತೆಗೆ ಬಿದರಿ ಲೋಹದ ಸತುವು, ತಾಮ್ರ. ಕಣ್ಣು ತೆರೆದು ನೋಡುವವನಿಗೆ ಅದು ಕಾರ್ಖಾನೆಯ ಕೈ ಎಂದು ತಿಳಿಯುತ್ತದೆ. ಅನುಮಾನ ಉಳಿದರೆ ನಿಮ್ಮ ಕುದಿಸುವ ಪಾತ್ರೆಯ ಮಣ್ಣನ್ನೂ ತರಿಸಿ ಹೋಲಿಸಬೇಕು. ಪಂಚನಾಮೆಯಲ್ಲಿ ಕಸುಬು ಬರೆಸುವುದನ್ನು ಮರೆಯಬೇಡಿ.

ವಾಡಿ, ಸೇಡಂ ಕಡೆ ಸುಣ್ಣಕಲ್ಲಿನ ಗಣಿಯಲ್ಲಿ ಸಿಡಿಮದ್ದು ತುಂಬುವವರ ಮಾತು ಬೇರೆ. ಅವರ ಅಂಗಿಯಲ್ಲಿ ಅಮೋನಿಯಂ ನೈಟ್ರೇಟ್ ಖರೇನೇ ಇರಬಹುದು. 2012ರ ನಿಯಮದಂತೆ ಅದಕ್ಕೆ ಪರವಾನಗಿಯೂ ದಾಸ್ತಾನು ಪುಸ್ತಕವೂ ಇರಬೇಕು, ಪೊಲೀಸರು ಅದನ್ನು ನೋಡಲಿ.

ಪ್ರಶ್ನೆ: ಸ್ಫೋಟವಾದ ಜಾಗದಲ್ಲಿ ಮಳೆ ಬಿದ್ದರೆ ಸಾಕ್ಷಿ ಹೋದಂತೆಯೇ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಬಯಲಿನಲ್ಲಿದ್ದದ್ದು ಬಹುಪಾಲು ಹೋಗುತ್ತದಮ್ಮಾ, ಈ ಲವಣಗಳು ನೀರಿಗೆ ಅಷ್ಟು ಸಲೀಸು. ಸೂರಿನ ಕೆಳಗೆ, ಮಡಚಿದ ತಗಡಿನ ಒಳಗೆ, ಬಟ್ಟೆಯ ಹೊಲಿಗೆಯಲ್ಲಿ ಹುಡುಕಿ. ಕರಿಮದ್ದು ಉರಿದಿದ್ದರೆ ಉರಿದಾಗ ಹುಟ್ಟುವ ಥಯೋಸಯನೇಟ್ ಕೂಡ ಸಿಗಬಹುದು, ಮಷೀನಿನಲ್ಲಿ ಅದು 58ರ ತೂಕದಲ್ಲಿ. ಮಣ್ಣನ್ನು ಮಾತ್ರ ಒದ್ದೆಯಾಗಿಯೇ ಡಬ್ಬಿಗೆ ತುಂಬಿ ವಾರಗಟ್ಟಲೆ ಠಾಣೆಯ ಮೂಲೆಯಲ್ಲಿಡಬಾರದು, ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ತಿಂದುಹಾಕುತ್ತವೆ. ತಂಪಿನಲ್ಲಿಟ್ಟು ಬೇಗ ಕಳಿಸಬೇಕು, ಅದರ ಜೊತೆ ಹೋಲಿಕೆಗೆ ದೂರದ ಒಂದು ಹಿಡಿ ಸಾದಾ ಮಣ್ಣನ್ನೂ.