ಅಮೆರಿಕದಿಂದ ತಂದ ಐಫೋನ್ 12ರಲ್ಲಿ ‘ಸಿಮ್ ನಾಟ್ ಸಪೋರ್ಟೆಡ್’

ಅಣ್ಣ ಅಮೆರಿಕದಿಂದ ತಂದುಕೊಟ್ಟ ಐಫೋನ್ 12ಕ್ಕೆ ಇಲ್ಲಿನ ಸಿಮ್ ಹಾಕಿದರೆ ‘ಸಿಮ್ ನಾಟ್ ಸಪೋರ್ಟೆಡ್’ ಅಂತ ಬರುತ್ತೆ, ಏನು ಮಾಡಲಿ ಅಂತ ಕೇಳಿದ್ದೀರಿ. ಆ ಫೋನಿಗೆ ಬಹುತೇಕ ಕ್ಯಾರಿಯರ್ ಲಾಕ್ ಇದೆ, ಅಂದರೆ ಒಂದೇ ಮೊಬೈಲ್ ಕಂಪನಿಯ ಸಿಮ್ ಮಾತ್ರ ಹಿಡಿಯುವಂತೆ ಹಾಕಿದ ಬೀಗ. ಸಿಮ್ ಕೆಟ್ಟಿರಲಿಕ್ಕಿಲ್ಲ. ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ‘ಕ್ಯಾರಿಯರ್ ಲಾಕ್’ ಸಾಲು ನೋಡಿ. ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತಿದ್ದರೆ ನನ್ನ ಊಹೆ ತಪ್ಪು, ಆಗ ಆ ಸಿಮ್ಮನ್ನೇ ಬೇರೆ ಫೋನಿಗೆ ಹಾಕಿ ನೋಡಿ.

ಲಾಕ್ ಇದ್ದರೆ *#06# ಒತ್ತಿ, 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಬರೆದುಕೊಳ್ಳಿ. ಎರಡು ಕಾಣುತ್ತವೆ, ಗಾಬರಿ ಬೇಡ, ಸಿಮ್ಮಿಗೊಂದು, ಫೋನಿನೊಳಗೇ ಇರುವ ಇ-ಸಿಮ್ಮಿಗೊಂದು. ಸಾಮಾನ್ಯವಾಗಿ ಮೊದಲನೆಯದು ಸಾಕು. ಇಐಡಿ ಅನ್ನೋ 32 ಅಂಕಿಯ ಉದ್ದದ್ದು ಇ-ಸಿಮ್ ಚಿಪ್ಪಿನದು, ಇಲ್ಲಿ ಅದು ಕೆಲಸಕ್ಕೆ ಬರಲ್ಲ.

ಲಾಕ್ ತೆಗೆಯುವುದು ಆಪಲ್ ಅಲ್ಲ, ಲಾಕ್ ಹಾಕಿದ ಅಲ್ಲಿನ ಮೊಬೈಲ್ ಕಂಪನಿ. ಆದ್ದರಿಂದ ಐಎಂಇಐ ಅಣ್ಣನಿಗೆ ಕಳಿಸಿ, ಅವರೇ ತಮ್ಮ ಖಾತೆಯಿಂದ ಕೇಳಲಿ. ಕಂತು ಬಾಕಿ ಇದ್ದರೆ ಅಥವಾ ಕಳುವಿನ ಪಟ್ಟಿಯಲ್ಲಿದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ, ಮೊದಲು ಅದನ್ನು ತೀರಿಸಿಕೊಳ್ಳಬೇಕು.

ಈ ಮಧ್ಯೆ ಯಾವುದೋ ಅಂಗಡಿಯವರು ಐಎಂಇಐ ಬದಲಾಯಿಸಿ ಕೊಡ್ತೀವಿ ಅಂದರೆ ಸುಮ್ನೆ ಎದ್ದು ಬನ್ನಿ. 2023ರ ದೂರಸಂಪರ್ಕ ಕಾಯ್ದೆ ಪ್ರಕಾರ ಅದಕ್ಕೆ 3 ವರ್ಷದವರೆಗೆ ಜೈಲು.

ಅನ್‌ಲಾಕ್ ಆಯಿತು ಅಂತ ಸಂದೇಶ ಬಂದ ಮೇಲೆ ವೈಫೈ ಹಾಕಿ ಇಲ್ಲಿನ ಸಿಮ್ ಹಾಕಿ. ಆಗಲೂ ಹಿಡಿಯದಿದ್ದರೆ ಬ್ಯಾಕಪ್ ತೆಗೆದು ಫೋನ್ ಪೂರ್ತಿ ಇರೇಸ್ ಮಾಡಿ ಮತ್ತೆ ಶುರು ಮಾಡಿ.