ವಕೀಲರ ಬಿಲ್ ಬಂದರೆ ಮೊದಲು ತಾರೀಖು ನೋಡಿ

(ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿರುವ ಕನ್ನಡಿಗರು ವಕೀಲರ ಫೀಸು, ಕೋರ್ಟ್ ಖರ್ಚಿನ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಅಲ್ಲಿಯೇ ಕೆಲಸ ಮಾಡುವ ಕಾಸ್ಟ್ಸ್ ಲಾಯರ್, ಅಂದರೆ ಇಂಥ ಖರ್ಚಿನ ಲೆಕ್ಕವನ್ನೇ ನೋಡುವ ವಕೀಲೆ ಒಬ್ಬರು ಉತ್ತರಿಸಿದ್ದಾರೆ.)

ಪ್ರಶ್ನೆ: ಸೈಕಲ್‌ನಲ್ಲಿ ಹೋಗುವಾಗ ವ್ಯಾನ್ ಗುದ್ದಿ ನನ್ನ ಮಣಿಕಟ್ಟು ಮುರಿಯಿತು. ‘ಗೆದ್ದರೆ ಮಾತ್ರ ಫೀಸು’ ಅಂತ ಒಬ್ಬ ಸಾಲಿಸಿಟರ್ ಕೇಸ್ ಹಿಡಿದರು. 9,000 ಪೌಂಡ್ ಪರಿಹಾರ ಬಂತು. ಅದರಲ್ಲಿ 2,250 ಪೌಂಡ್ ಸಕ್ಸೆಸ್ ಫೀ ಅಂತ ಮುರಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕಿದರು. ಬಿಲ್ ಇಮೇಲ್‌ನಲ್ಲಿ ಬಂದಿತ್ತು, ತೆರೆದು ನೋಡಿರಲಿಲ್ಲ. ಒಂಬತ್ತು ತಿಂಗಳಾಯಿತು. ಈಗ ಕೇಳಿದರೆ ತಪ್ಪಾಗುತ್ತಾ ಮೇಡಂ?
— ಓದುಗರು, ಮ್ಯಾಂಚೆಸ್ಟರ್

ಉತ್ತರ: ಕೇಳಿದರೆ ತಪ್ಪೇನಿಲ್ಲ. ಅದು ನಿಮ್ಮ ದುಡ್ಡು. ಆದರೆ ಇವತ್ತೇ ಕೇಳಿ.

ನೀವು ಜೊತೆಗೆ ಕಳಿಸಿದ ಹಾಳೆಯನ್ನು ಎರಡು ಸಲ ನೋಡಿದೆ. 9,000ದಲ್ಲಿ 2,000 ಪೌಂಡ್ ‘ಮುಂದಿನ ಫಿಸಿಯೋಥೆರಪಿ ಖರ್ಚು’ ಅಂತ ಇದೆ. ವಿಷಯ ಇರುವುದೇ ಅಲ್ಲಿ. ಗಾಯದ ಕೇಸುಗಳಲ್ಲಿ ಸಕ್ಸೆಸ್ ಫೀಗೆ, ಅಂದರೆ ಗೆದ್ದರೆ ವಕೀಲರು ತೆಗೆದುಕೊಳ್ಳುವ ಹೆಚ್ಚುವರಿ ಫೀಸಿಗೆ, 2013ರಿಂದ ಒಂದು ಮಿತಿ ಇದೆ, ಶೇಕಡಾ 25. ಹಾಗಂತ ಇಡೀ ಮೊತ್ತದ ಶೇಕಡಾ 25 ಅಲ್ಲ. ನೋವಿಗೆ ಕೊಟ್ಟ ಹಣ ಮತ್ತು ಆಗಲೇ ಆಗಿಹೋದ ನಷ್ಟ, ಇವೆರಡರ ಮೇಲೆ ಮಾತ್ರ ಲೆಕ್ಕ. ಮುಂದೆ ಆಗುವ ಖರ್ಚಿಗೆ ಕೊಟ್ಟ ಹಣವನ್ನು ಮುಟ್ಟುವ ಹಾಗಿಲ್ಲ. ಅಂದರೆ 7,000ದ ಕಾಲು ಭಾಗ, 1,750 ಪೌಂಡ್. ನಿಮ್ಮಿಂದ ಹೋಗಿರುವುದು 2,250. ಐನೂರು ಪೌಂಡ್ ಜಾಸ್ತಿ ಹೋಗಿದೆ. ನಿಮ್ಮ ಮಣಿಕಟ್ಟು ಸರಿಹೋಗಲಿ ಅಂತ ಕೊಟ್ಟ ದುಡ್ಡು ಅದು.

‘ಮುರಿದುಕೊಂಡಾಯಿತಲ್ಲ, ಇನ್ನೇನು’ ಅಂತ ಕೂರಬೇಡಿ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಓಕ್‌ವುಡ್ ಸಾಲಿಸಿಟರ್ಸ್ ಮತ್ತು ಮೆಂಜೀಸ್ ನಡುವಿನ ಕೇಸಿನಲ್ಲಿ ಇದನ್ನೇ ತೀರ್ಮಾನ ಮಾಡಿತು. ಪರಿಹಾರದಿಂದ ವಕೀಲರು ತಾವಾಗಿಯೇ ಮುರಿದುಕೊಂಡರೆ ಅದು ನೀವು ಬಿಲ್ ಕಟ್ಟಿದ ಹಾಗಲ್ಲ. ಬಿಲ್ ನೋಡಿ, ಆ ಮೊತ್ತಕ್ಕೆ ನೀವು ಒಪ್ಪಿರಬೇಕು. ನನ್ನಂಥವರ ಕೆಲಸದಲ್ಲಿ ಇತ್ತೀಚೆಗೆ ಬಂದ ತೀರ್ಪುಗಳಲ್ಲಿ ಜನರಿಗೆ ನೇರವಾಗಿ ಉಪಯೋಗಕ್ಕೆ ಬರುವುದು ಇದು ಅಂತ ನನ್ನ ಅಭಿಪ್ರಾಯ.

ಇನ್ನು ತಾರೀಖಿನ ಲೆಕ್ಕ. 1974ರ ಸಾಲಿಸಿಟರ್ಸ್ ಕಾಯ್ದೆಯ ಸೆಕ್ಷನ್ 70 ಪ್ರಕಾರ, ಬಿಲ್ ಕೈಗೆ ಬಂದ ಒಂದು ತಿಂಗಳ ಒಳಗೆ ಕೇಳಿದರೆ ಕೋರ್ಟ್ ಅದನ್ನು ಪರಿಶೀಲನೆಗೆ ಕಳಿಸಲೇಬೇಕು. ಒಂದು ತಿಂಗಳು ದಾಟಿದರೆ ಅದು ಕೋರ್ಟಿನ ಇಷ್ಟ. ಹನ್ನೆರಡು ತಿಂಗಳು ದಾಟಿದರೆ ವಿಶೇಷ ಕಾರಣ ತೋರಿಸಬೇಕು. ಇನ್ನು ಬಿಲ್ ಕಟ್ಟಿ ಹನ್ನೆರಡು ತಿಂಗಳಾಗಿದ್ದರೆ ಬಾಗಿಲು ಪೂರ್ತಿ ಮುಚ್ಚಿದ ಹಾಗೆ.

ಕೆಲವು ವರ್ಷದ ಹಿಂದೆ ಒಬ್ಬ ವಯಸ್ಸಾದ ಹೆಂಗಸು ನನ್ನ ಹತ್ತಿರ ಬಂದಿದ್ದರು. ಗಂಡನ ಆಸ್ತಿಯ ವ್ಯಾಜ್ಯ. ಬಿಲ್ 18,400 ಪೌಂಡ್. ವಕೀಲರ ಸಾಲ ಇಟ್ಟುಕೊಂಡರೆ ಮರ್ಯಾದೆ ಅಲ್ಲ ಅಂತ ಬಿಲ್ ಬಂದ ವಾರದಲ್ಲೇ ಕಟ್ಟಿಬಿಟ್ಟಿದ್ದರು. ಕಾಗದಗಳನ್ನು ಒಂದು ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿ ತಂದಿದ್ದರು. ನೋಡುತ್ತಾ ಹೋದೆ. ಒಂದೇ ಸಭೆಗೆ ಮೂರು ಜನ ವಕೀಲರ ಸಮಯ, ಒಂದೇ ಪತ್ರವನ್ನು ಎರಡು ಸಲ ಬರೆದ ಲೆಕ್ಕ. ಐದು ಸಾವಿರವಾದರೂ ಇಳಿಯುತ್ತಿತ್ತು. ಆಮೇಲೆ ರಸೀದಿಯ ತಾರೀಖು ನೋಡಿದೆ. ಹದಿನಾಲ್ಕು ತಿಂಗಳಾಗಿತ್ತು. ನಾನು ಏನೂ ಮಾಡಲಾಗಲಿಲ್ಲ. ಅವರು ಡಬ್ಬಿ ಮುಚ್ಚಿಕೊಂಡು ‘ಪರವಾಗಿಲ್ಲಮ್ಮ’ ಅಂದು ಹೊರಟರು. ಅವತ್ತಿನಿಂದ ಯಾರೇ ಬರಲಿ, ನಾನು ಮೊದಲು ಕೇಳುವುದು ತಾರೀಖು.

ನಿಮ್ಮ ಮೊತ್ತಕ್ಕೆ ಕೋರ್ಟಿಗಿಂತ ಲೀಗಲ್ ಓಂಬುಡ್ಸ್‌ಮನ್, ಅಂದರೆ ವಕೀಲರ ಮೇಲಿನ ದೂರು ವಿಚಾರಿಸುವ ಸಂಸ್ಥೆಯ ದಾರಿ ಮೇಲು. ಖರ್ಚಿಲ್ಲ. ಇಂಥ ಚಿಕ್ಕ ಮೊತ್ತಗಳಿಗೆ ಅದೇ ದಾರಿ ಹಿಡಿಯುವುದು ಒಳ್ಳೆಯದು ಅಂತ 2022ರ ಬೆಲ್ಸ್‌ನರ್ ತೀರ್ಪಿನಲ್ಲಿ ಮೇಲ್ಮನವಿ ಕೋರ್ಟೂ ಹೇಳಿದೆ. ಮೊದಲು ನಿಮ್ಮ ಸಾಲಿಸಿಟರ್ ಆಫೀಸಿಗೇ ದೂರು ಬರೆಯಬೇಕು. ಅವರಿಗೆ ಎಂಟು ವಾರ ಸಮಯ. ಓಂಬುಡ್ಸ್‌ಮನ್ ಹತ್ತಿರ ಹೋಗಲು ಒಟ್ಟು ಒಂದು ವರ್ಷ. ನಿಮ್ಮದು ಒಂಬತ್ತು ತಿಂಗಳು ಆಗಲೇ ಕಳೆದಿದೆ, ಅದರ ಮೇಲೆ ಈ ಎಂಟು ವಾರ. ಲೆಕ್ಕ ಹಾಕಿ. ಇವತ್ತೇ ಬರೆಯಿರಿ ಅಂದದ್ದು ಅದಕ್ಕೇ.

ಪ್ರಶ್ನೆ: ನನ್ನ ಬಿಲ್‌ನಲ್ಲಿ ‘ಇಮೇಲ್ ಕಳಿಸಿದ್ದು 0.1’, ‘ಇಮೇಲ್ ಬಂದದ್ದು 0.1’ ಅಂತ ಪುಟಗಟ್ಟಲೆ ಇದೆ. ಒಂದು ಇಮೇಲ್‌ನಲ್ಲಿ ಬರೀ ‘ಥ್ಯಾಂಕ್ಸ್’ ಅಂತಿದೆ. ಇದಕ್ಕೂ ದುಡ್ಡಾ?
— ಓದುಗರು, ಲಂಡನ್

ಉತ್ತರ: 0.1 ಅಂದರೆ ಒಂದು ಗಂಟೆಯ ಹತ್ತನೇ ಒಂದು ಭಾಗ, ಆರು ನಿಮಿಷ. ಇಲ್ಲಿ ವಕೀಲರ ಸಮಯವನ್ನು ಅಳೆಯುವ ಸೇರು ಅದು. ಎರಡು ನಿಮಿಷದ ಪತ್ರಕ್ಕೂ ಆರು ನಿಮಿಷ ಹಿಡಿಯುವುದು ರೂಢಿಯೇ, ಮೋಸ ಅಲ್ಲ.

ಆದರೆ ಆರು ನಿಮಿಷ ಯಾರದು ಅಂತ ನೋಡಿ. ಖರ್ಚು ಅಳೆಯಲು ಕೋರ್ಟುಗಳು ನೋಡುವ 2025ರ ಮಾರ್ಗಸೂಚಿ ದರದಲ್ಲಿ, ಲಂಡನ್‌ನ ದೊಡ್ಡ ಕಾರ್ಪೊರೇಟ್ ಕೆಲಸಗಳಿಗೆ ಹಿರಿಯ ಸಾಲಿಸಿಟರ್‌ಗೆ ಗಂಟೆಗೆ 566 ಪೌಂಡ್, ಕೆಲಸ ಕಲಿಯುತ್ತಿರುವವರಿಗೆ 205. ಆರು ನಿಮಿಷಕ್ಕೆ ಹಿರಿಯರದು 56 ಪೌಂಡ್ 60 ಪೆನ್ಸ್, ಕಿರಿಯರದು 20 ಪೌಂಡ್ 50 ಪೆನ್ಸ್. ‘ನಿಮ್ಮ ಪತ್ರ ತಲುಪಿತು’ ಅಂತ ಬರೆಯಲು ಹಿರಿಯರೇ ಬೇಕಾ? ನಾನು ಪರಿಶೀಲನೆಯಲ್ಲಿ ಹೆಚ್ಚಾಗಿ ಎತ್ತುವ ಪ್ರಶ್ನೆ ಇದು. ಈ ದರಗಳು ಬರೀ ಶುರುವಿನ ಅಳತೆ, ನಿಮ್ಮ ಕರಾರಿನ ದರ ಬೇರೆ ಇರಬಹುದು. ಅದನ್ನೂ ತೆಗೆದು ನೋಡಿ.

ಇನ್ನು ‘ಬಂದ ಇಮೇಲ್’. ಸೋತ ಪಕ್ಷದಿಂದ ಖರ್ಚು ವಸೂಲಿ ಮಾಡುವಾಗ ಕೋರ್ಟ್ ನಿಯಮ ಸ್ಪಷ್ಟವಾಗಿದೆ. ಮಾಮೂಲಿ ಪತ್ರ ಕಳಿಸಿದ್ದಕ್ಕೆ ಹಾಕುವ ಆರು ನಿಮಿಷದಲ್ಲೇ ಬಂದ ಪತ್ರ ಓದುವುದೂ ಸೇರಿದೆ. ನಿಮ್ಮ ಮತ್ತು ನಿಮ್ಮ ವಕೀಲರ ನಡುವೆ ಕರಾರಿನಲ್ಲಿ ಏನು ಬರೆದಿದೆ ಅನ್ನುವುದು ಮುಖ್ಯವಾಗುತ್ತದೆ. ಆದರೂ ಈ ನಿಯಮ ತೋರಿಸಿ ‘ಎರಡೂ ಕಡೆ ಯಾಕೆ ಹಾಕಿದ್ದೀರಿ’ ಅಂತ ಕೇಳಬಹುದು. ಹಳದಿ ಬಣ್ಣದ ಪೆನ್ ತಗೊಂಡು ಬಂದ ಇಮೇಲ್‌ಗಳಿಗೆಲ್ಲ ಗುರುತು ಹಾಕಿ. ಒಟ್ಟು ಎಷ್ಟಾಗುತ್ತದೆ ಅಂತ ಕೂಡಿಸಿ. ಸುಮ್ನೆ ‘ಜಾಸ್ತಿ ಆಯಿತು’ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಾಲು ತೋರಿಸಿ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಕೋರ್ಟಿಗೆ ಹೋಗುವ ಮುಂಚೆ ಐದನೇ ಒಂದು ಭಾಗದ ನಿಯಮ ತಿಳಿದಿರಲಿ. 10,000 ಪೌಂಡ್ ಬಿಲ್ 8,000ಕ್ಕೋ ಅದಕ್ಕಿಂತ ಕೆಳಗೋ ಇಳಿದರೆ, ಪರಿಶೀಲನೆಯ ಖರ್ಚು ಸಾಮಾನ್ಯವಾಗಿ ಸಾಲಿಸಿಟರ್ ತಲೆಗೆ. 8,100ಕ್ಕೆ ನಿಂತರೆ ನಿಮ್ಮ ತಲೆಗೆ. ಉಳಿಸಿದ 1,900ಕ್ಕಿಂತ ಖರ್ಚೇ ಹೆಚ್ಚಾಗಬಹುದು. ಹಾಗಾಗಿ ಬಿಲ್ ನಿಜವಾಗಿ ಎಷ್ಟು ಇಳಿಯುತ್ತದೆ ಅಂತ ಅಂದಾಜು ಮಾಡದೆ ನಾನು ಯಾರಿಗೂ ‘ಹೋಗಿ’ ಅನ್ನುವುದಿಲ್ಲ.

ಪ್ರಶ್ನೆ: ನನ್ನ ಚಿಕ್ಕ ಕಂಪನಿಗೆ ಬರಬೇಕಿದ್ದ 60,000 ಪೌಂಡ್‌ಗೆ ಕಳೆದ ವರ್ಷ ಕೌಂಟಿ ಕೋರ್ಟಿನಲ್ಲಿ ಕೇಸ್ ಹಾಕಿ ಗೆದ್ದೆ. ವಕೀಲರಿಗೆ ಕೊಟ್ಟದ್ದರ ಅರ್ಧವೂ ಎದುರಿನವರಿಂದ ಬರಲಿಲ್ಲ. ಗೆದ್ದವರಿಗೆ ಖರ್ಚು ವಾಪಸ್ ಅಂತಾರಲ್ಲ?
— ಓದುಗರು, ಲೆಸ್ಟರ್

ಉತ್ತರ: ಗೆದ್ದವರಿಗೆ ಖರ್ಚು ಸಿಗುತ್ತದೆ, ಆದರೆ ಪೂರ್ತಿ ಅಲ್ಲ. 2023ರ ಅಕ್ಟೋಬರ್ 1ರಿಂದ ಒಂದು ಲಕ್ಷ ಪೌಂಡ್‌ವರೆಗಿನ ಹೆಚ್ಚಿನ ಕೇಸುಗಳಿಗೆ ಖರ್ಚಿನ ದರಪಟ್ಟಿ ಬಂದಿದೆ. ಕೇಸು ಯಾವ ಹಂತಕ್ಕೆ ಬಂತು, ಎಷ್ಟು ಜಟಿಲ ಅನ್ನುವುದರ ಮೇಲೆ ಇಂತಿಷ್ಟು ಅಂತ ನಿಗದಿ. ನಿಮ್ಮ ವಕೀಲರು ಎಷ್ಟು ಗಂಟೆ ಕೂತರು ಅಂತ ಕೋರ್ಟ್ ಕೇಳುವುದಿಲ್ಲ. ಸೋತರೆ ಎಷ್ಟು ಕೊಡಬೇಕು ಅಂತ ಮೊದಲೇ ಗೊತ್ತಾಗುತ್ತದೆ, ಅದು ಒಳ್ಳೆಯದೇ. ಆದರೆ ದರಪಟ್ಟಿಗೂ ವಕೀಲರ ಬಿಲ್ಲಿಗೂ ನಡುವಿನ ಕಂದಕ ತುಂಬುವವರು ನಿಮ್ಮಂಥವರು. ಇದನ್ನು ಮೊದಲ ಭೇಟಿಯಲ್ಲೇ ಲೆಕ್ಕ ಬರೆದು ಹೇಳಬೇಕಿತ್ತು. ಹೇಳದಿದ್ದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಕರಾರು ಪತ್ರ ತೆಗೆಯಿರಿ. ‘ಎದುರು ಪಕ್ಷದಿಂದ ವಸೂಲಾಗುವುದಕ್ಕಿಂತ ಹೆಚ್ಚು ನಿಮ್ಮಿಂದ ತೆಗೆದುಕೊಳ್ಳಬಹುದು’ ಅನ್ನುವ ಅರ್ಥದ ಸಾಲು ಅದರಲ್ಲಿ ಸ್ಪಷ್ಟವಾಗಿ ಇದೆಯಾ? ಕೌಂಟಿ ಕೋರ್ಟ್ ಕೇಸಿನಲ್ಲಿ ಆ ಸಾಲು ಬರವಣಿಗೆಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಹೆಚ್ಚಿನ ಮೊತ್ತ ಕೇಳುವ ಹಕ್ಕು ಅವರಿಗಿಲ್ಲ. ಅಚ್ಚಾದ ನಮೂನೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಆದರೂ ಹುಡುಕಿ, ಇಲ್ಲದ ಕರಾರುಗಳನ್ನೂ ನಾನು ನೋಡಿದ್ದೇನೆ.

ಪ್ರಶ್ನೆ: ಮಗಳು ಲೀಡ್ಸ್‌ನಲ್ಲಿ ಕಾನೂನು ಓದುತ್ತಿದ್ದಾಳೆ. ನಿಮ್ಮ ಕೆಲಸಕ್ಕೆ ಬರುತ್ತೇನೆ ಅಂತಾಳೆ. ನಿಗದಿ ದರ ಬಂದ ಮೇಲೆ ಈ ಕೆಲಸ ಉಳಿಯುತ್ತಾ?
— ತಾಯಿ, ಮೈಸೂರು

ಉತ್ತರ: ಚಿಕ್ಕ ಕೇಸುಗಳ ಬಿಲ್ ಬರೆಯುವ ಕೆಲಸ ಕಡಿಮೆಯಾಗುತ್ತಿದೆ, ಅದನ್ನು ಮುಚ್ಚಿಡುವುದಿಲ್ಲ. ದೊಡ್ಡ ಕೇಸುಗಳ ಬಜೆಟ್, ವಕೀಲರಿಗೂ ಕಕ್ಷಿದಾರರಿಗೂ ನಡುವಿನ ತಕರಾರು, ಇವು ಹಾಗೇ ಇವೆ. 2007ರ ಲೀಗಲ್ ಸರ್ವಿಸಸ್ ಕಾಯ್ದೆಯಡಿ ಕಾಸ್ಟ್ಸ್ ಲಾಯರ್ ಅನ್ನುವುದು ಅಧಿಕೃತ ವಕೀಲಿಕೆ. ಖರ್ಚಿನ ವಿಷಯದಲ್ಲಿ ಅವಳು ತಾನೇ ಕೋರ್ಟಿನಲ್ಲಿ ನಿಂತು ವಾದಿಸಬಹುದು. ಲೆಕ್ಕದಲ್ಲಿ ಬೇಸರ ಇಲ್ಲದಿದ್ದರೆ, ನೂರು ಪುಟದ ಬಿಲ್‌ನಲ್ಲಿ ತೊಂಬತ್ತನೇ ಪುಟವನ್ನೂ ಮೊದಲ ಪುಟದಷ್ಟೇ ಗಮನ ಇಟ್ಟು ಓದುವವಳಾದರೆ, ಬರಲಿ. ರಜೆಯಲ್ಲಿ ಎರಡು ವಾರ ಯಾವುದಾದರೂ ಆಫೀಸಿನಲ್ಲಿ ಕೂತು ನಿಜವಾದ ಬಿಲ್ ಒಂದನ್ನು ಸಾಲು ಸಾಲಾಗಿ ಓದಿ ನೋಡಲು ಹೇಳಿ. ಆಮೇಲೂ ಬೇಕು ಅಂದರೆ ನನಗೆ ಬರೆಯಲಿ.