‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುವ ಕರೆ ಬಂದರೆ ಏನು ಮಾಡಬೇಕು?

ಫೋನ್ ಕಟ್ ಮಾಡಿ, ಅಷ್ಟೇ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮ ಆಧಾರ್ ಮೇಲೆ ಮುಂಬೈನಲ್ಲಿ ಕೇಸ್ ಆಗಿದೆ, ಹಾಗಾಗಿ ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಅಂತ ವಿಡಿಯೊ ಕಾಲ್‌ನಲ್ಲಿ ಖಾಕಿ ಹಾಕಿದವನು ಹೇಳಿದರೆ ಅದು ಶುದ್ಧ ಮೋಸ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೂ ‘ಮನ್ ಕಿ ಬಾತ್’ನಲ್ಲಿ ಇದನ್ನೇ ಹೇಳಿದ್ದರು.

ಓದಿಕೊಂಡವರೂ ಯಾಕೆ ಸಿಕ್ಕಿಬೀಳುತ್ತಾರೆ? ದಡ್ಡತನದಿಂದ ಅಲ್ಲ. ಕರೆ ಮಾಡಿದವನು ಮೊದಲು ಭಯ ಹುಟ್ಟಿಸುತ್ತಾನೆ, ಆಮೇಲೆ ‘ಕ್ಯಾಮೆರಾ ಆಫ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ’ ಅಂತ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಲೈನ್‌ನಲ್ಲೇ ಹಿಡಿದಿಡುತ್ತಾನೆ. ಪಕ್ಕದ ರೂಮಿನಲ್ಲಿರುವ ಮಗಳನ್ನು ಒಂದು ಮಾತು ಕೇಳಿದ್ದರೆ ಎರಡೇ ನಿಮಿಷದಲ್ಲಿ ಬಣ್ಣ ಬಯಲಾಗುತ್ತಿತ್ತು ಅಲ್ವಾ? ಆ ಮಾತು ಆಗಬಾರದು ಅಂತಲೇ ಇಷ್ಟೆಲ್ಲ ನಾಟಕ. ಕೊನೆಗೆ ‘ಪರಿಶೀಲನೆಗೆ ಹಣ ಈ ಖಾತೆಗೆ ಹಾಕಿ, ವಾಪಸ್ ಬರುತ್ತದೆ’ ಅನ್ನುತ್ತಾನೆ. ನಿಜವಾದ ಪೊಲೀಸರು ತನಿಖೆಗೆ ಅಂತ ಹಣ ವರ್ಗಾವಣೆ ಮಾಡಿಸುವುದಿಲ್ಲ.

ಆಧಾರ್‌ನ ಕೊನೆಯ ಅಂಕಿಗಳನ್ನು ಸರಿಯಾಗಿ ಹೇಳಿದ ಅಂತ ನಂಬಬೇಡಿ, ಸೋರಿಕೆಯಾದ ಮಾಹಿತಿ ಸಿಗುವುದು ಕಷ್ಟವೇನಲ್ಲ.

ಹಣ ಹೋಗಿದ್ದರೆ ನಾಚಿಕೆ ಪಡುತ್ತಾ ಸುಮ್ನೆ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆ ಹಣ ಬೇರೆಯವರ ಖಾತೆಗಳಿಗೆ ಚೂರುಚೂರಾಗಿ ಹರಿದು ಹೋಗುವ ಮೊದಲೇ ತಡೆದರೆ ಸಿಗುವ ಸಾಧ್ಯತೆ ಜಾಸ್ತಿ. ಸ್ಕ್ರೀನ್‌ಶಾಟ್, ನಂಬರ್, ಮೆಸೇಜ್ ಯಾವುದನ್ನೂ ಅಳಿಸಬೇಡಿ.